ಭೋಂಗಾದ ಶ್ರುತಿ

ಬಂಗೂರನಗರದಲ್ಲಿ ಪೇಪರ್ ಮಿಲ್ಲಿನ ಭೋಂಗಾ ಕೂಗಿತೆಂದರೆ ಸುಮ್ಮನೆ ಕೂರುವವರು ಯಾರೂ ಇಲ್ಲ. ಪ್ರತಿ ಪಾಳಿಗೂ ಅದು ಎರಡು ಸಲ ಕೂಗುತ್ತದೆ. ಕಾಲು ಗಂಟೆ ಮೊದಲು ಎಚ್ಚರಿಸಲು ಒಂದು ನಿಮಿಷ, ಪಾಳಿ ಬದಲಾಗುವಾಗ ಉದ್ದಕ್ಕೆ ಎರಡು ನಿಮಿಷ. ಮೊದಲ ಕೂಗಿಗೆ ಮಿಲ್ಲಿನ ಕೆಲಸಗಾರ ಅಂದಾನೆಪ್ಪ ಕೈಗಡಿಯಾರದ ಮುಳ್ಳು ಸರಿಮಾಡಿಕೊಳ್ಳುತ್ತಿದ್ದ. ಗಡಿಯಾರ ಸರಿಯಿದ್ದರೂ ಒಮ್ಮೆ ತಿರುವಿ ಮತ್ತೆ ಅಲ್ಲಿಗೇ ತಂದಿಡುತ್ತಿದ್ದ. ಮೂವತ್ತನಾಲ್ಕು ವರ್ಷದ ಚಾಳಿ. ಹೆಂಡತಿ ಮಹಾದೇವಕ್ಕ ಅನ್ನಕ್ಕಿಡುತ್ತಿದ್ದಳು. ಮಗಳು ದ್ರಾಕ್ಷಾಯಣಿ ಬಿರಡೆ ತಿರುವಿ ಗಿಟಾರಿನ ಕಿವಿ ಹಿಂಡುತ್ತಿದ್ದಳು.

ಈ ಕಿವಿ ಹಿಂಡುವ ಕೆಲಸ ಶುರುವಾಗಿ ಆರು ವರ್ಷವಾಗಿತ್ತು. ಜೋಯಿಡಾ ಕಡೆಯ ಒಂದು ರೆಸಾರ್ಟಿನಲ್ಲಿ ದ್ರಾಕ್ಷಾಯಣಿ ಬಂದುಹೋಗುವವರ ಹೆಸರು ಬರೆದುಕೊಳ್ಳುವ ಕೆಲಸಕ್ಕಿದ್ದಳು. ಅಲ್ಲಿ ಚೆಂದಕ್ಕೆಂದು ಗೋಡೆಗೆ ತೂಗುಹಾಕಿದ್ದ ಗಿಟಾರಿನೊಳಗೆ ಹಲ್ಲಿ ಮೊಟ್ಟೆಯಿಟ್ಟಿತ್ತು. ಮ್ಯಾನೇಜರು ಎಸೆಯಿರಿ ಎಂದರು, ಇವಳು ಮನೆಗೆ ಹೊತ್ತು ತಂದಳು. ಹೊಸ ತಂತಿ ಹಾಕಿ, ಫೋನಿನಲ್ಲಿ ಪಾಠ ನೋಡಿ ಕಲಿಯತೊಡಗಿದಳು. ಎಂದೂ ಬದಲಾಗದ ಒಂದು ಗಟ್ಟಿ ಸ್ವರ ಹಿಡಿಯಿರಿ, ದಿನಾ ಅದಕ್ಕೇ ತಂತಿ ಕೂಡಿಸಿ ಎಂದು ಮೊದಲ ಪಾಠದಲ್ಲೇ ಮೇಷ್ಟ್ರು ಹೇಳಿದ್ದರು. ಬಂಗೂರನಗರದ ಹುಡುಗಿಗೆ ಭೋಂಗಾಕ್ಕಿಂತ ಗಟ್ಟಿ ಸ್ವರ ಇನ್ಯಾವುದು ಹೊಳೆದೀತು!

"ಬೆರಳ ನೋಡ, ಹೆಂಗ ಜಡ್ಡುಗಟ್ಯಾವು! ನಾಳಿ ಈ ಕೈ ಹಿಡಿಯಾಂವ ಏನಂತಾನ?" ಎಂದು ಮಹಾದೇವಕ್ಕ ಹಣೆ ಬಡಿದುಕೊಂಡಳು. ಒಂದು ದಿನ ಮಗಳು ಅದೇ ಬೆರಳಿನಿಂದ ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬಟ್ಟೆಯಿಲ್ಲದೆ ತಿರುವಿ ಹಾಕಿದಳು. ಅಂದಿನಿಂದ ರೊಟ್ಟಿ ಬೇಯಿಸುವ ಕೆಲಸ ಅವಳಿಗೇ ಅಂಟಿಕೊಂಡಿತು, ಬೆರಳಿನ ಮಾತು ನಿಂತಿತು. ಅಂದಾನೆಪ್ಪ ಮಾತ್ರ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಪಾಳಿ ಮುಗಿಸಿ ಬಂದು, ಒಳಗೆ ಮಗಳು ಬಾರಿಸುತ್ತಿದ್ದರೆ ಬಾಗಿಲಿಗೆ ಬೆನ್ನು ಹಾಕಿ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅಪ್ಪನ ಆ ಬೆನ್ನು ನೋಡಿದಾಗಲೆಲ್ಲ ದ್ರಾಕ್ಷಾಯಣಿಗೆ ಸಂಕಟವಾಗುತ್ತಿತ್ತು.

ಹೀಗಿರುವಾಗ ಹಳಿಯಾಳದ ಮಹಾಬಳೇಶ್ವರನ ಆರ್ಕೆಸ್ಟ್ರಾದಲ್ಲಿ ಗಿಟಾರಿನವನು ಗೋವಾಕ್ಕೆ ಹೋಗಿಬಿಟ್ಟನೆಂದು ಸುದ್ದಿ ಬಂತು. ದ್ರಾಕ್ಷಾಯಣಿ ಹಿಂದೆಮುಂದೆ ನೋಡದೆ ರೆಸಾರ್ಟಿನ ಕೆಲಸ ಬಿಟ್ಟು, ಗಿಟಾರು ಹೆಗಲಿಗೇರಿಸಿ ಹಳಿಯಾಳದ ಬಸ್ಸು ಹತ್ತಿದಳು.

ಅಲ್ಲಿ ಅವಳು ಮೊದಲ ಸಲ ತಂತಿ ಮೀಟಿದಾಗ, ಪೇಟಿ ಬಾರಿಸುವ ನಾಗಲಿಂಗಪ್ಪನಿಗೆ ಅನ್ನದಲ್ಲಿ ಕಲ್ಲು ಕಡಿದಂತಾಯಿತು. ಅರವತ್ತು ದಾಟಿದ ಆತ ತನ್ನ ಹಾರ್ಮೋನಿಯಂ ಪೇಟಿಯ ಒಂದೊಂದೇ ಪಟ್ಟಿ ಒತ್ತಿ ನೋಡಿದ.

"ನಿನ್ನ ಸ್ವರ ಕರಿ ಪಟ್ಟಿಗೂ ಕೂಡೂದಿಲ್ಲ, ಬಿಳಿ ಪಟ್ಟಿಗೂ ಕೂಡೂದಿಲ್ಲ. ಎರಡರ ನಡುವಿನ ಸಂದಿಯಾಗ ಹೋಗಿ ಕುಂತೈತಿ. ಯಾರ ಹತ್ರ ಕಲತಿಯವಾ?"

"ಭೋಂಗಾದ ಹತ್ರರೀ," ಎಂದಳು ದ್ರಾಕ್ಷಾಯಣಿ.

ನಗು ನಿಲ್ಲಲು ಹೊತ್ತು ಹಿಡಿಯಿತು. ನಕ್ಕು ಸುಸ್ತಾದ ಮಹಾಬಳೇಶ್ವರ ಕಣ್ಣೊರೆಸಿಕೊಂಡು ಹೇಳಿದ: "ಕೈ ಭಾಳ ಚಲೋ ಐತಿ. ಪೇಟಿಗೆ ಕೂಡಿಸಿಕೊಂಡು ಬಾರಿಸು. ಮೂರು ಪ್ರೋಗ್ರಾಮ್ ನೋಡ್ತೇನಿ. ಸರಿ ಹೋದ್ರ ಕಾಯಂ, ಇಲ್ಲಾಂದ್ರ ಹುಬ್ಬಳ್ಳಿಯಿಂದ ಯಾರನ್ನರ ಕರಸ್ತೇನಿ."

"ಸರಿ ಹೋಗಲಿಲ್ಲಂದ್ರ ತಿರುಗಿ ರೆಸಾರ್ಟಿಗೆ ಹೋಗಿ ಹೆಸರು ಬರಕೋತ ಕುಂದ್ರು," ಎಂದಳು ಮನೆಯಲ್ಲಿ ಅವ್ವ.

ಮುಂಡಗೋಡದ ಮದುವೆಯಲ್ಲಿ ದ್ರಾಕ್ಷಾಯಣಿ ಬಾರಿಸಿದ ಬಾರಿಸುವಿಕೆಗೆ ಮದುಮಗಳ ಅಜ್ಜಿ ಮುದಕವ್ವ ಎದ್ದು ಕುಣಿದಳು. ಕುಣಿದದ್ದಲ್ಲದೆ ವೇದಿಕೆ ಹತ್ತಿ, ಗಿಟಾರು ಬಾರಿಸುತ್ತಿದ್ದವಳ ಬಾಯಿಗೇ ಬುಂದೆ ಲಾಡು ತುರುಕಿದಳು. ಅಂಬಿಕಾನಗರದ ತೊಟ್ಟಿಲು ಕಾರ್ಯಕ್ಕೆ ಹೋದಾಗ ಕೂಸು ಮಲಗಲೇ ಇಲ್ಲ, ನೆಂಟರೂ ಕದಲಲಿಲ್ಲ. ಎರಡು ಗೆದ್ದ ಹುಡುಗಿಯ ಕಾಲು ನೆಲದ ಮೇಲಿರಲಿಲ್ಲ. ತಂತಿಗಳು ಪೇಟಿಯ ಜೊತೆ ತಕರಾರಿಲ್ಲದೆ ಸಂಸಾರ ಮಾಡಿಕೊಂಡಿದ್ದವು.

ಮೂರನೆಯದು ಬಂಗೂರನಗರದಲ್ಲೇ. ಮಿಲ್ಲಿನಿಂದ ನಿವೃತ್ತರಾಗುವ ಹನ್ನೆರಡು ಜನಕ್ಕೆ ಬೀಳ್ಕೊಡುಗೆ, ಅವರಲ್ಲಿ ಅಂದಾನೆಪ್ಪನೂ ಒಬ್ಬ. ಶಾಮಿಯಾನದ ಕೆಳಗೆ ಐನೂರು ಜನ. ಅಪ್ಪ ತನ್ನನ್ನು ವೇದಿಕೆಯ ಮೇಲೆ ನೋಡುವುದು ಇದೇ ಮೊದಲೆಂದು ದ್ರಾಕ್ಷಾಯಣಿ ಮೂರು ಮೂರು ಸಲ ಪೇಟಿಗೆ ತಂತಿ ಕೂಡಿಸಿ ನೋಡಿದಳು. ಮುಂಡಗೋಡದಲ್ಲಾಗಲಿ ಅಂಬಿಕಾನಗರದಲ್ಲಾಗಲಿ ಭೋಂಗಾ ಇರಲಿಲ್ಲ, ಇಲ್ಲಿದೆ ಎಂಬುದು ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಭಾಷಣಗಳು ಮುಗಿಯುತ್ತಿದ್ದವು. ಪೇಟಿಗೆ ಸರಿಯಾಗಿ ಕೂಡಿಸಿದ ಗಿಟಾರು ಹಿಡಿದು ಅವಳು ಮೈಕಿನ ಹಿಂದೆ ನಿಂತಿದ್ದಳು. ಆಗ ಮೂರೂಮುಕ್ಕಾಲಿನ ಭೋಂಗಾ ಕೂಗಿತು. ರುಮಾಲು ಸುತ್ತಿಸಿಕೊಂಡು ಸಾಲಿನಲ್ಲಿ ಕೂತಿದ್ದ ಅಂದಾನೆಪ್ಪ ಗಡಿಯಾರದ ಮುಳ್ಳು ತಿರುವಿದ. ಅತ್ತ ಅವನು ತಿರುವುತ್ತಿದ್ದರೆ ಇತ್ತ ಮಗಳ ಕೈಯೂ ತನ್ನಷ್ಟಕ್ಕೆ ತಾನೇ ತಿರುವುತ್ತಿತ್ತು. ಭೋಂಗಾ ನಿಲ್ಲುವಷ್ಟರಲ್ಲಿ ಆರೂ ತಂತಿಗಳು ಸಂದಿಗೆ ಇಳಿದು ಹಾಯಾಗಿ ಕೂತಿದ್ದವು.

ಅವಳಿಗೆ ಗೊತ್ತಾಗಿದ್ದು ಮೊದಲ ಹಾಡು ಶುರುವಾದ ಮೇಲೆ. ಪೇಟಿ ಒಂದು ಕಡೆ ಎಳೆಯಿತು, ಗಿಟಾರು ಇನ್ನೊಂದು ಕಡೆ. ಹಾಡುವ ಸುನಂದಾ ಯಾರ ಹಿಂದೆ ಹೋಗಬೇಕೆಂದು ತಿಳಿಯದೆ ಬಾಯಿ ಮುಚ್ಚಿದಳು.

"ಮತ್ತ ಸಂದಿಗೆ ಹೋಗಿ ಕುಂತೆಲ್ಲವಾ!" ಎಂದ ನಾಗಲಿಂಗಪ್ಪ.

ಮಹಾಬಳೇಶ್ವರ ಮೈಕಿಗೆ ಅಂಗೈ ಅಡ್ಡ ಹಿಡಿದ. "ಸಾಕು ಮಾಡು. ಕೆಳಗ ಇಳಿ."

ದ್ರಾಕ್ಷಾಯಣಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಂತಿ ಮತ್ತೆ ಕೂಡಿಸೋಣವೆಂದರೆ ಅಷ್ಟು ಹೊತ್ತಿರಲಿಲ್ಲ. ಇಳಿದರೆ ಎಲ್ಲ ಮುಗಿಯಿತು, ಅದೂ ಅಪ್ಪನ ಕಣ್ಣೆದುರಿಗೇ. ಇಳಿಯಲಿಲ್ಲ. ಹೆದರಿದ ಬೆರಳು ತನಗೆ ಚೆನ್ನಾಗಿ ಗೊತ್ತಿದ್ದ ಹಾಡಿಗೆ ಓಡಿತು. ಅಂದಾನೆಪ್ಪ ಊರಲ್ಲಿ ಕಣದ ರಾಶಿ ಮಾಡುವಾಗ ಕಲಿತು, ದಿನಾ ಸ್ನಾನದ ಮನೆಯಲ್ಲಿ ಗುನುಗುತ್ತಿದ್ದ ಹಂತಿ ಪದ ಅದು. ಅವಳು ಮೊಟ್ಟಮೊದಲು ಬಾರಿಸಲು ಕಲಿತದ್ದೂ ಅದನ್ನೇ.

ಸುನಂದಾ ಮುಂಡಗೋಡದ ಒಕ್ಕಲಿನ ಮನೆಯವಳು. ಎರಡು ಸಾಲು ಕೇಳಿದ್ದೇ ತಡ, ಕಣ್ಣರಳಿಸಿ ಎತ್ತಿಕೊಂಡಳು. ನಾಗಲಿಂಗಪ್ಪ ಪೇಟಿಯಿಂದ ಕೈ ತೆಗೆದ. ಮುಂದಿನ ಸಾಲಿನ ಹೆಂಗಸರು ದನಿಗೂಡಿಸಿದರು, ಅವರ ಹಿಂದಿನ ಗಂಡಸರು ತಾಳ ಹಾಕಿದರು. ಪದ ಏರುತ್ತ ಹೋಯಿತು.

ಸರಿಯಾಗಿ ನಾಲ್ಕಕ್ಕೆ ಭೋಂಗಾ ಕೂಗಿತು.

ಭೋಂಗಾ ಕೂಗುವಾಗ ಮಾತು ನಿಲ್ಲಿಸುವುದು ಆ ಕಾಲೊನಿಯ ರೂಢಿ. ಅಂದು ಯಾರೂ ನಿಲ್ಲಿಸಲಿಲ್ಲ. ಭೋಂಗಾ ಏರಿ ಏರಿ ತನ್ನ ಜಾಗಕ್ಕೆ ಬಂದು, ಹಾಡಿನ ಅಡಿಯಲ್ಲಿ ಷಡ್ಜ ಹಿಡಿದು ನಿಂತಿತು. ಗಿಟಾರು, ಸುನಂದಾ, ಐನೂರು ಗಂಟಲು, ಮಿಲ್ಲು, ಎಲ್ಲ ಒಂದೇ ಶ್ರುತಿ! ಜನ ಶಾಮಿಯಾನ ಹಾರಿಹೋಗುವಂತೆ ಸಿಳ್ಳೆ ಹೊಡೆದರು. ನಿವೃತ್ತರು ಶಾಲು ಬೀಸುತ್ತ ಕುಣಿಯಲು ಎದ್ದರು. ಮಹಾದೇವಕ್ಕ ಪಕ್ಕದವಳನ್ನು ತಿವಿದು, "ನನ್ನ ಮಗಳರೀ, ನನ್ನ ಮಗಳು!" ಎಂದು ಕೂಗಿದಳು. ನಾಗಲಿಂಗಪ್ಪ ಒಂದು ಪಟ್ಟಿ ಒತ್ತಿ ನೋಡಿ ತಲೆಯಾಡಿಸಿದ. "ಇವತ್ತ ನನ್ನ ಪೇಟಿನ ಬೇಸೂರ ಆಗೇತಿ," ಎಂದು ಅದನ್ನು ಮುಚ್ಚಿ ಚಪ್ಪಾಳೆಗೆ ಕೈ ಹಾಕಿದ.

"ಕಾಯಂ!" ಎಂದು ಮಹಾಬಳೇಶ್ವರ ಅವಳ ಕಿವಿಯಲ್ಲಿ ಅರಚಿದ. "ಬ್ಯಾರೆ ಊರಾಗ ಪೇಟಿಗೆ ಕೂಡಸು, ಇಲ್ಲಿ ಭೋಂಗಾಕ್ಕ ಕೂಡಸು! ನೀ ಕಾಯಂ!"

ದ್ರಾಕ್ಷಾಯಣಿಗೆ ಅದು ಅರ್ಧ ಕೇಳಿಸಿತು. ಯಾಕೆಂದರೆ ಅಂದಾನೆಪ್ಪ ಕುರ್ಚಿಯಿಂದೆದ್ದು, ಕೊರಳ ಹಾರ ಓರೆ ಮಾಡಿಕೊಂಡು, ವೇದಿಕೆ ಹತ್ತಿ ಅವಳ ಕಡೆಗೇ ಬರುತ್ತಿದ್ದ. ಬಂದವನು ಅವಳ ಪಕ್ಕ ಬಗ್ಗಿ, ಗಿಟಾರಿಗೆ ಕಿವಿ ಕೊಟ್ಟ.

"ಮೂರನೇ ತಂತಿ ಒಂಚೂರು ಇಳದೈತಿ, ದ್ರಾಕ್ಷಿ. ಏರಸು."

ಅವಳು ಮೀಟಿ ನೋಡಿದಳು. ನಿಜವಾಗಿಯೂ ಇಳಿದಿತ್ತು. ಬಾಗಿಲಿಗೆ ಬೆನ್ನು ಹಾಕಿ ಕಟ್ಟೆಯ ಮೇಲೆ ಕೂರುತ್ತಿದ್ದ ಅಪ್ಪ ಈ ಆರು ವರ್ಷ ಅಲ್ಲಿ ಏನು ಮಾಡುತ್ತಿದ್ದನೆಂದು ಆಗ ಗೊತ್ತಾಗಿ, ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಭೋಂಗಾ ಇನ್ನೂ ಕೂಗುತ್ತಿತ್ತು. ಅವಳು ಬಿರಡೆ ತಿರುವಿದಳು.

"ಹಾಂ, ಈಗ ಸರಿ ಆತು," ಎಂದು ಅಂದಾನೆಪ್ಪ ಕುಣಿಯಲು ಹೋದ.