ನಾಲಿಗೆಯಡಿ ಹತ್ತು ನಿಮಿಷ

—ಟಿಕ್ ಟಿಕ್ ನಡುವೆ ಒಂದು ಟಿಕ್ ಕುಂಟುತ್ತಿದೆ, ಏಳನೆಯದೋ ಎಂಟನೆಯದೋ, ಒಳಗಿನ ಚಕ್ರದಲ್ಲಿ ಒಂದು ಹಲ್ಲು ಸವೆದಿರಬೇಕು, ಸಿಸ್ಟರ್ ತಿರುಗಿಸಿ ಕಪಾಟಿನ ಮೇಲಿಟ್ಟುಹೋದ ಅಡುಗೆಮನೆಯ ಈ ಟೈಮರು ಹತ್ತು ನಿಮಿಷವೆಂದು ಹೇಳಿ ಹನ್ನೊಂದೂವರೆ ಓಡುತ್ತದೆ, ಮೂವತ್ತೆಂಟು ದಿನದಿಂದ ಕೇಳುತ್ತಿದ್ದಾನಲ್ಲ, ಗಡಿಯಾರ ರಿಪೇರಿಯವನಿಗೆ ಇಷ್ಟೂ ತಿಳಿಯದೇ, ಬಿಚ್ಚಿ ಕೊಟ್ಟರೆ ಚಿಟಿಕೆ ಹೊಡೆಯುವುದರಲ್ಲಿ ಸರಿಮಾಡಿಯಾನು, ಆದರೆ ಅದು ಓಡುವಾಗ ಬಾಯಿ ತೆರೆಯುವಂತಿಲ್ಲ, ನಿಂತಕೂಡಲೇ ಯಾರ ಕಣ್ಣಿಗೂ ಬೀಳದೆ ಇಳಿದು ಅಂಗಡಿಗೆ ಓಡಬೇಕು. ನಾಲಿಗೆಯಡಿ ಮಾತ್ರೆ, ಕಹಿ, ಒಸಡಿಗೆ ಅಂಟಿಕೊಂಡು ಸುಣ್ಣದ ಹಾಗೆ ಕದಡುತ್ತಿದೆ, ಬಾಯಿತುಂಬ ಜೊಲ್ಲು, ನುಂಗಬಾರದು, ಉಗುಳಬಾರದು, ಮಾತಂತೂ ಆಡಲೇಬಾರದು—ನೋಡು ವಾಚು, ಇದು ಹೊಟ್ಟೆಗೆ ಹೋದ್ರೆ ದಂಡ, ನಾಲಿಗೆ ಕೆಳಗಿಂದಾನೇ ರಕ್ತಕ್ಕೆ ಇಳೀಬೇಕು, ನಡುವೆ ಬಾಯಿ ಬಿಟ್ಟು ಬೀಳಿಸ್ಕೊಂಡ್ಯೋ, ಇವತ್ತಿನ ಡೋಸು ಮುಗೀತು, ನನ್ನಪ್ಪ ಬಂದು ಕೇಳಿದ್ರೂ ಇನ್ನೊಂದು ಕೊಡಲ್ಲ, ಎಂದು ಮೊದಲ ದಿನ ಹೇಳಿದವನು ಡ್ರೈವರಣ್ಣ, ಇವನಿಗೆ ವಾಚು ಎಂದು ಹೆಸರಿಟ್ಟವನೂ ಅವನೇ, ಒಂದು ಕಾಲಕ್ಕೆ ಅವನೂ ಇಂಥದೇ ಬೆಂಚಿನ ಮೇಲೆ ಕೂತವನಂತೆ, ಒಂಬತ್ತು ವರ್ಷದಿಂದ ನಶೆ ಮುಟ್ಟಿಲ್ಲವಂತೆ, ಈಗ ಈ ಹಳೆ ಬಸ್ಸನ್ನು ಗೋದಾಮಿನ ಗೋಡೆ ಪಕ್ಕ ತಂದು ನಿಲ್ಲಿಸಿ ಮೈಕು ಹಿಡಿದು ಕೂಗುತ್ತಾನೆ, ಬನ್ನಿ ಬಿಪಿ ನೋಡ್ತೀವಿ, ಶುಗರ್ ನೋಡ್ತೀವಿ, ಗಾಯಕ್ಕೆ ಪಟ್ಟಿ ಕಟ್ತೀವಿ, ಎಲ್ಲ ಉಚಿತ. ಅದು ಬಸ್ಸಿನ ಮುಂಭಾಗ, ಊರಿಗೆಲ್ಲ. ನಡುವೆ ಹಸಿರು ಪರದೆ. ಪರದೆಯ ಹಿಂಭಾಗ ಚಟ ಬಿಡಿಸಿಕೊಳ್ಳುವ ಇವನಂಥವರಿಗೆ, ಅದನ್ನು ಮೈಕಿನಲ್ಲಿ ಕೂಗುವುದಿಲ್ಲ, ಬೇಕಾದವರಿಗೆ ಗೊತ್ತಿರುತ್ತದೆ, ಹಿಂದಿನ ಬಾಗಿಲಿನಿಂದ ತಲೆ ತಗ್ಗಿಸಿ ಹತ್ತುತ್ತಾರೆ, ಮಾತ್ರೆ ಬಾಯಲ್ಲಿಟ್ಟುಕೊಂಡೇ ಇಳಿದುಹೋಗಿ ಇನ್ನೊಬ್ಬನಿಗೆ ದಾಟಿಸುವ ಕಿಲಾಡಿಗಳಿದ್ದಾರೆಂದು ಆ ಬಾಗಿಲಿಗೆ ಹೊರಗಿನಿಂದ ಚಿಲಕ. ಟೈಮರು ಬಡಿಯುವವರೆಗೆ ಚಿಲಕ ತೆಗೆಯುವುದಿಲ್ಲ.

ಪರದೆ ನೆಲಕ್ಕೆ ನಾಲ್ಕು ಬೆರಳು ಮೋಟು, ಆ ಸಂದಿನಲ್ಲಿ ಪಾದಗಳು ಬರುತ್ತವೆ, ಹೋಗುತ್ತವೆ, ಹೊತ್ತು ಹೋಗಬೇಕಲ್ಲ, ಪಾದ ನೋಡಿ ಆಳು ಯಾರೆಂದು ಹೇಳುವ ಆಟ ಆಡುತ್ತಾನೆ, ಸಿಮೆಂಟು ಮೆತ್ತಿದ ಬೂಟು ಗಾರೆಯವನದು, ಹಿಮ್ಮಡಿ ಬಿರಿದದ್ದು ಬಟ್ಟೆ ಒಗೆಯುವವಳದು, ಈಗ ಬಂದದ್ದು ಹೆಂಗಸಿನದು, ವಯಸ್ಸಾದವಳು, ಒಂದು ಕಾಲು ಸ್ವಲ್ಪ ಹೊರಕ್ಕೆ ತಿರುಗಿದೆ, ಸೊಂಟ ಮುರಿದು ಕೂಡಿಸಿದವರು ಹೀಗೆ ಇಡುತ್ತಾರೆ, ಚಪ್ಪಲಿಯಿಂದ ಹೊರಬಂದ ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿದೆ—ಅಯ್ಯೋ. ಆ ಬೆರಳು ಇವನಿಗೆ ಗೊತ್ತು, ನೋವಾದಾಗ ಬಾಯಲ್ಲಿ ಹೇಳುವುದಿಲ್ಲ ಅವಳು, ಹೆಬ್ಬೆರಳು ಮಡಚುತ್ತಾಳೆ, ನಾಲ್ಕು ವಾರ ತೊಡೆಯ ಮೇಲಿಟ್ಟುಕೊಂಡು ಒತ್ತಿದ ಪಾದ ಅದು. ಅಮ್ಮ. ಬೆಳಿಗ್ಗೆ ಕೋಣೆಯಿಂದ ಹೊರಡುವಾಗ, ಬೇಗ ಹೋಗ್ತಿದ್ದೀನಮ್ಮ, ಅಂಗಡೀಲಿ ಗೋಡೆ ಗಡಿಯಾರ ಒಂದು ಬಾಕಿ ಇದೆ, ಎಂದು ಸುಳ್ಳು ಹೇಳಿ ಬಂದಿದ್ದಾನೆ, ಮಲಗಿಕೋ ಎಂದರೆ ಮಲಗುವ ಜೀವವೇ ಅದು, ಮೈಕಿನ ಕೂಗು ಕೇಳಿ ಮೂರು ಬೀದಿ ನಡೆದು ಬಂದಿದ್ದಾಳೆ. ಕುತ್ಕೊಳ್ಳಿ ಅಮ್ಮ, ಕೈ ಸಡಿಲ ಬಿಡಿ, ಎಂದು ಸಿಸ್ಟರ್, ಪಂಪಿನ ಬುಸ್ ಬುಸ್, ಗಾಳಿ ಇಳಿಯುವ ಸದ್ದು, ಆ ಕೈ ಕೊಡಿ ನೋಡೋಣ, ಮತ್ತೆ ಬುಸ್ ಬುಸ್. ಸಿಸ್ಟರ್ ಎರಡನೇ ಸಲ ನೋಡುತ್ತಿದ್ದಾಳೆಂದರೆ ಮೊದಲನೆಯದನ್ನು ನಂಬಲಾಗಲಿಲ್ಲ ಎಂದರ್ಥ, ಮೂವತ್ತೆಂಟು ದಿನದಲ್ಲಿ ಇಷ್ಟು ಕಲಿತಿದ್ದಾನೆ. ಇನ್ನೂರ ಹತ್ತು ಇದೆಯಲ್ಲಮ್ಮ! ಬಿಪಿ ಮಾತ್ರೆ ತಗೋತಿಲ್ವಾ ನೀವು?

ತಗೊಳ್ಳದೆ ಏನು, ದಿನಾ ಬೆಳಿಗ್ಗೆ ತಟ್ಟೆಯಲ್ಲಿಟ್ಟು ನೀರು ಕೊಟ್ಟು ಎದುರಿಗೇ ನಿಂತು ನುಂಗಿಸುತ್ತಾನೆ, ಹೇಳಮ್ಮ, ಹೇಳು—ಇಲ್ಲ ಕಣಮ್ಮ, ನಿನ್ನ ಹತ್ರ ಯಾಕೆ ಮುಚ್ಚಿಡ್ಲಿ, ಮಗ ಕೊಡ್ತಾನೆ, ಅವನ ಮನಸ್ಸು ನೋಯಿಸ್ಬಾರ್ದು ಅಂತ ಬಾಯಿಗೆ ಹಾಕ್ಕೋತೀನಿ, ನಾಲಿಗೆ ಕೆಳಗೆ ಒತ್ತಿಟ್ಕೊಂಡಿದ್ದು ಅವನು ಮೆಟ್ಟಿಲು ಇಳಿದ ಮೇಲೆ ಉಗುಳಿಬಿಡ್ತೀನಿ. ಎಷ್ಟು ದಿನದಿಂದ? ಏಳು ತಿಂಗಳಾಯ್ತು. ಏಳು ತಿಂಗಳಾ! ಅಮ್ಮ, ಹುಡುಗಾಟಾನಾ ಇದು, ತಲೇಲಿ ನರ ಒಡೆದು ಒಂದು ಕಡೆ ಕೈಕಾಲು ಬಿದ್ದುಹೋದ್ರೆ ಏನ್ಮಾಡ್ತೀರಿ, ಯಾಕೆ ಹೀಗ್ಮಾಡಿದ್ರಿ? ಯಾಕೆ ಎನ್ನುತ್ತಿದ್ದಾಳೆ ಸಿಸ್ಟರ್, ಬೇಡ, ಕೇಳಬೇಡ, ಕೇಳಿದರೆ ಹೇಳಿಬಿಡುತ್ತಾಳೆ, ಬಸ್ ಸ್ಟಾಪಿನಲ್ಲಿ ಪಕ್ಕ ನಿಂತವರಿಗೂ ಹೇಳುತ್ತಾಳೆ ಅದನ್ನು—ಮಾತ್ರೆ ಅಂದ್ರೆ ನಂಬಿಕೇನೇ ಹೋಯ್ತಮ್ಮ ನಂಗೆ, ಹೊಟ್ಟೇಲಿ ಹುಟ್ಟಿದ ಮಗಳೇ ಮೋಸ ಮಾಡಿದ್ಲು. ಬೆಂಚಿನ ತಗಡು ತೊಡೆಗೆ ತಣ್ಣಗೆ ತಾಗುತ್ತಿದೆ, ಕಿಟಕಿಗೆ ಒಳಗಿನಿಂದ ಕಾಗದ ಅಂಟಿಸಿದ್ದಾರೆ, ಮೂಲೆಯಲ್ಲಿ ಒಂದಿಷ್ಟು ಹರಿದು ಗೋದಾಮಿನ ಇಟ್ಟಿಗೆ ಕಾಣುತ್ತದೆ, ಮುಂದೆ ಪರದೆ, ಹಿಂದೆ ಚಿಲಕ, ಬಾಯಲ್ಲಿ ಮಾತ್ರೆ. ಟಿಕ್ ಟಿಕ್. ಎಲ್ಲಿಗೆ ಹೋಗುತ್ತೀಯೋ ಹೋಗು ಈಗ.

ಸೊಂಟದ ಆಪರೇಷನ್ ಆಗಿ ಅಕ್ಕನ ಮನೆಯಲ್ಲಿದ್ದಳು ಅಮ್ಮ, ಅಕ್ಕ ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡಳು, ದಿನಕ್ಕೆ ಮೂರು ಹೊತ್ತು ನೋವಿನ ಮಾತ್ರೆ, ಬಿಳಿ, ದುಂಡಗೆ, ಚಿಕ್ಕದು, ಆಸ್ಪತ್ರೆಯವರು ಬರೆದುಕೊಡಲು ಹತ್ತು ಸಲ ಯೋಚಿಸುವಂಥದು, ಇವನು ಅಂಗಡಿ ಮುಚ್ಚಿ ದಿನಾ ಹೋಗುತ್ತಿದ್ದ, ಬಲು ಪ್ರೀತಿಯ ಮಗ, ಕಾಲೊತ್ತುತ್ತಿದ್ದ, ಅಕ್ಕ ಚಹಾ ಕಾಸಲು ಒಳಗೆ ಹೋದರೆ ಇವನ ಕೈ ಸ್ಟೂಲಿನ ಮೇಲಿನ ಡಬ್ಬಿಗೆ. ಅಷ್ಟು ಹೊತ್ತಿಗಾಗಲೇ ಪಕ್ಕದ ಅಂಗಡಿಯವನು ಕೊಡುತ್ತಿದ್ದ ಇಂಥದೇ ಅರ್ಧ ಮಾತ್ರೆ ಎರಡಾಗಿ, ಎರಡು ಆರಾಗಿ, ಅದಿಲ್ಲದಿದ್ದರೆ ಕೈಯಲ್ಲಿ ಚಿಮುಟವೇ ನಿಲ್ಲುತ್ತಿರಲಿಲ್ಲ. ಎಂಥ ಕೈ ಅದು, ಕೂದಲಿನಂಥ ಸ್ಪ್ರಿಂಗನ್ನು ಉಸಿರು ಬಿಗಿಹಿಡಿದು ಕೂರಿಸುವ ಕೈ, ಅದೇ ಕೈಯಿಂದ ಸ್ಟ್ರಿಪ್ಪಿನ ಹಿಂದಿನ ಹಾಳೆಯನ್ನು ಬ್ಲೇಡಿನಲ್ಲಿ ಮೂರು ಕಡೆ ಸೀಳಿ, ಬಾಗಿಲು ತೆರೆದಂತೆ ತೆರೆದು, ಒಳಗಿನದನ್ನು ತೆಗೆದು, ಬೇರೊಂದನ್ನಿಟ್ಟು, ವಾಚಿನ ಗಾಜಿಗೆ ಹಚ್ಚುವ ಅಂಟಿನ ಒಂದು ಗೆರೆ ಎಳೆದು ಒತ್ತಿಬಿಟ್ಟರೆ ಮುಗಿಯಿತು, ತಯಾರಿಸಿದವನೇ ಬಂದರೂ ಗೊತ್ತಾಗಬಾರದು, ಹಾಳಾದ್ದು ಅದರಲ್ಲೂ ಹೆಮ್ಮೆ ಪಟ್ಟಿದ್ದ. ಒಳಗಿಟ್ಟದ್ದು ಸಕ್ಕರೆ ಕಾಯಿಲೆಯವರು ಚಹಾಕ್ಕೆ ಹಾಕಿಕೊಳ್ಳುವ ಸಿಹಿ ಮಾತ್ರೆ, ಅದೇ ಬಿಳುಪು, ಅದೇ ಗಾತ್ರ, ನುಂಗುವವರಿಗೆ ರುಚಿ ಎಲ್ಲಿ ತಿಳಿಯುತ್ತದೆ. ಅಮ್ಮ ಅಗಿದು ತಿನ್ನಲು ಶುರುಮಾಡಿದ್ದಳೆಂದು ಇವನಿಗೆ ಯಾರು ಹೇಳಬೇಕು. ಗಂಟಲಲ್ಲಿ ಇಳೀತಿರ್ಲಿಲ್ಲ ಕಣಮ್ಮ, ಪರದೆಯಾಚೆ ಹೇಳುತ್ತಿದ್ದಾಳೆ, ಒಂದಿನ ಕಚ್ಚಿದೆ, ಸಿಹಿ! ಇನ್ನೊಂದು ಕಚ್ಚಿದೆ, ಅದೂ ಸಿಹಿ! ನಾನು ರಾತ್ರಿಯೆಲ್ಲ ಹೊರಳಾಡಿ ಸಾಯ್ತಿದ್ದೀನಿ, ಇವಳು ಒಳ್ಳೇದನ್ನ ಯಾರಿಗೋ ಮಾರಿ ನನಗೆ ಮಿಠಾಯಿ ತಿನ್ನಿಸ್ತಿದ್ದಾಳೆ. ಅಕ್ಕ ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದಳು, ನೆಲದ ಮೇಲೆ ಕುಸಿದು ಕೂತು ಅತ್ತಳು, ನೀನಾದ್ರೂ ಹೇಳೋ ಅಮ್ಮನಿಗೆ, ಎಂದು ಇವನ ಮುಖ ನೋಡಿದಳು, ಇವನು ಅಮ್ಮನ ಪಾದ ಹಿಡಿದುಕೊಂಡಿದ್ದ, ಹೆಬ್ಬೆರಳು ಮಡಚಿಕೊಂಡಿತ್ತು, ಆಗ ಇವನು ಏನು ಹೇಳಿದ, ಹಾಳು ಬಾಯಿಂದ ಏನು ಬಂತು—ಹೋಗ್ಲಿ ಬಿಡಮ್ಮ, ಪಾಪ ಅಕ್ಕನಿಗೂ ಏನು ಕಷ್ಟವಿತ್ತೋ. ಅಷ್ಟೇ. ಅಕ್ಕನ ಅಳು ಟಕ್ಕೆಂದು ನಿಂತುಹೋಯಿತು. ಅದೇ ಸಂಜೆ ಅಮ್ಮನನ್ನು ತನ್ನ ಕೋಣೆಗೆ ಕರೆತಂದ, ಬೀದಿಯವರೆಲ್ಲ ಮಗ ಅಂದ್ರೆ ಹೀಗಿರ್ಬೇಕು ಎಂದರು.

ಇಲ್ಲಿ ನೋಡಿ ಅಮ್ಮ, ಇದು ನಮ್ಮದೇ ಮಾತ್ರೆ, ನನ್ನೆದುರಿಗೇ ತಗೊಳ್ಳಿ, ಸಿಸ್ಟರ್ ಬೇಡಿಕೊಳ್ಳುತ್ತಿದ್ದಾಳೆ. ಸ್ಟ್ರಿಪ್ಪು ಹರಿಯುವ ಸದ್ದು. ಬೇಡಮ್ಮ, ನಿನ್ನ ಮೇಲೆ ಅನುಮಾನ ಅಲ್ಲ, ನಿನಗೆ ಕೊಟ್ಟೋರು ಏನು ಕೊಟ್ಟಿದ್ದಾರೋ, ಎತ್ತಿದ್ರೆ ಬಾಯಿಗೆ ಬರ್ತದೆ ಆ ಸಿಹಿ, ವಾಂತಿ ಬಂದಹಾಗಾಗ್ತದೆ. ಎರಡು ಮಾತು ಸಾಕು. ಅಮ್ಮಾ, ಅದು ನಾನು. ಅಕ್ಕ ಅಲ್ಲ, ಔಷಧಿ ಅಂಗಡಿಯವನಲ್ಲ, ಲೋಕದಲ್ಲಿ ಯಾರೂ ನಿನ್ನ ಮಾತ್ರೆ ಮುಟ್ಟಿಲ್ಲ, ನಾನೊಬ್ಬನೇ, ಬ್ಲೇಡು ಹಿಡಿದು, ಇದನ್ನು ನುಂಗಮ್ಮ, ಇದು ನಿಜವಾದದ್ದು. ಅಷ್ಟು ಹೇಳಿದರೆ ಅವಳು ಬದುಕುತ್ತಾಳೆ, ಹೇಳದಿದ್ದರೆ ಇವತ್ತಲ್ಲ ನಾಳೆ ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ ಬಿದ್ದಿರುತ್ತಾಳೆ, ಇವನೇ ಎತ್ತಬೇಕು. ಹೇಳುತ್ತಾನೆ, ಹೇಳಿಯೇ ಹೇಳುತ್ತಾನೆ, ಆದರೆ ಬಾಯಿ ಬಿಟ್ಟರೆ ಇದು ಜಾರಿ ಹೋಗುತ್ತದೆ, ಮೂವತ್ತೆಂಟು ದಿನ, ಒಂದು ದಿನವೂ ತಪ್ಪಿಲ್ಲ, ತಪ್ಪಿದರೆ ಮೈ ಮುರಿತ, ಬೆವರು, ಮತ್ತೆ ಪಕ್ಕದ ಅಂಗಡಿಯವನ ಮುಂದೆ ಹಲ್ಲು ಗಿಂಜುವುದು, ಬೇಡಪ್ಪ ಬೇಡ, ಇನ್ನು ಎರಡೇ ನಿಮಿಷ, ಸಿಸ್ಟರ್ ಅವಳನ್ನು ಹೇಗೂ ಕೂರಿಸಿಕೊಂಡಿರುತ್ತಾಳೆ, ಇದು ಕರಗಲಿ, ಕರಗಿದ ಕೂಡಲೇ ಹೇಳುತ್ತೇನೆ, ನಾನು ಬೇಡವೆಂದೆನೇ, ಮಾತ್ರೆ ಬಿಡುತ್ತಿಲ್ಲ, ಅಷ್ಟೆ.

ನಿಮ್ಮ ಮಗನ ನಂಬರ್ ಹೇಳಿ, ಅವರನ್ನ ಕರೆಸ್ತೀನಿ, ಅವರು ಹೇಳಿದ್ರಾದ್ರೂ ಕೇಳ್ತೀರಲ್ಲ. ಅವನನ್ನ ಯಾಕಮ್ಮ ಎಳೀತೀಯ, ಬಂಗಾರದಂಥ ಹುಡುಗ, ನನ್ನ ಚಿಂತೇಲೇ ಅರ್ಧ ಆಗಿದ್ದಾನೆ, ಕೈಯೆಲ್ಲ ಕಡ್ಡಿ. ಹೇಳಿ ಅಮ್ಮ. ಅಮ್ಮ ಹೇಳುತ್ತಿದ್ದಾಳೆ, ಒಂದೊಂದೇ ಅಂಕಿ, ಮಗ್ಗಿ ಒಪ್ಪಿಸುವ ಹಾಗೆ, ಕಣ್ಣು ಮುಚ್ಚಿಕೊಂಡಿರುತ್ತಾಳೆ, ಇವನಿಗೆ ಕಾಣುತ್ತದೆ, ಒಂಬತ್ತು, ನಾಲ್ಕು, ನಾಲ್ಕು, ತಪ್ಪಲಿ, ಒಂದಾದರೂ ತಪ್ಪಲಿ, ಎಂಟು, ಸೊನ್ನೆ, ಒಂದೂ ತಪ್ಪಲಿಲ್ಲ. ಜೇಬು ನಡುಗಿತು. ಅಂಗೈಯಿಂದ ಒತ್ತಿ ಹಿಡಿದ, ಜೇಬು ಒಳಗಿನಿಂದ ಒದೆಯುತ್ತಿದೆ, ತಗಡಿನ ಬೆಂಚು ಗುಂಯ್ ಎನ್ನುತ್ತಿದೆ, ಮತ್ತು ಅಯ್ಯೋ, ಬಸ್ಸಿನ ಫೋನಿನಲ್ಲಿ ಇವನ ನಂಬರು ಮೊದಲೇ ಇದೆಯಲ್ಲ, ಅಂಕಿ ಒತ್ತಿದ ಕೂಡಲೇ ಹೆಸರು ಬೀಳುತ್ತದೆ, ವಾಚು. ಗುಂಯ್ ನಿಂತಿತು. ಪರದೆಯಾಚೆ ಸಿಸ್ಟರ್ ತೊಟ್ಟ ಬಿಳಿ ಬೂಟು ಇತ್ತ ತಿರುಗಿದೆ, ಅಲ್ಲಾಡುತ್ತಿಲ್ಲ. ಎತ್ತಲಿಲ್ವಾ? ಅಮ್ಮ ನಕ್ಕಳು. ಎಲ್ಲಿ ಎತ್ತುತ್ತಾನೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಕೂತ ಅಂದ್ರೆ ಪಕ್ಕದಲ್ಲಿ ಮನೆ ಬಿದ್ರೂ ತಿಳಿಯಲ್ಲ ಅವನಿಗೆ. ಸಿಸ್ಟರ್ ಹೇಳುವಂತಿಲ್ಲ, ಈ ಬಸ್ಸಿನ ನಿಯಮ ಅದು, ಪರದೆಯ ಹಿಂದೆ ಯಾರಿದ್ದಾರೆಂದು ಮುಂದಿನವರಿಗೆ ಹೇಳಿದರೆ ಕೆಲಸ ಹೋಗುತ್ತದೆ, ಆ ನಿಯಮ ನೆಚ್ಚಿಕೊಂಡೇ ಇವನು ಹತ್ತಿದ್ದು. ಹೇಳಬಲ್ಲವನು ಒಬ್ಬನೇ.

ಟ್ರಿಣ್ ಎಂದಿತು. ಸಿಸ್ಟರ್ ಪರದೆ ಒಂದಿಷ್ಟೇ ಸರಿಸಿ ಒಳಗೆ ನುಸುಳಿದಳು, ದಿನಾ ಒಂದು ಜೋಕು ಹೇಳುವವಳು, ಇವತ್ತು ಟಾರ್ಚು ಹಿಡಿದ ಕೈ ಬಿಗಿ, ಆ ಅನ್ನಿ, ಆ, ನಾಲಿಗೆ ಎತ್ತಿ, ಎಡಕ್ಕೆ, ಬಲಕ್ಕೆ, ಬೆಳಕು ಹಲ್ಲುಗಳ ಹಿಂದೆಲ್ಲ ಓಡಾಡಿತು, ಏನೂ ಇಲ್ಲ, ಪೂರ್ತಿ ಖಾಲಿ. ಕರಗಿದೆ, ಎಂದಳು, ಇನ್ನು ಮಾತಾಡ್ಬಹುದು. ಹೋಗಲಿಲ್ಲ. ನೇರ ಇವನ ಕಣ್ಣು ನೋಡಿ ಮೆಲ್ಲಗೆ ಮತ್ತೆ ಅಂದಳು, ಇನ್ನು ಮಾತಾಡ್ಬಹುದು ನೀವು. ಆಚೆಯಿಂದ ಅಮ್ಮನ ದನಿ, ಒಳಗೆ ಯಾರೋ ಇದ್ದಾರಾ, ಇಷ್ಟು ಹೊತ್ತು ಉಸಿರೇ ಇರ್ಲಿಲ್ಲ? ಒಬ್ರು ಪೇಷಂಟು ಅಮ್ಮ. ಪಾಪ, ಯಾವ ತಾಯಿ ಹೆತ್ತ ಮಗನೋ, ಬೇಗ ಹುಷಾರಾಗ್ಲಿ. ಈಗ, ಈಗ ಹೇಳು, ಬಾಯಿ ಖಾಲಿ ಇದೆ, ಚಿಲಕವನ್ನೂ ಹೊರಗೆ ಡ್ರೈವರಣ್ಣ ತೆಗೆಯುತ್ತಿದ್ದಾನೆ, ಹೇಳೋ ಹಾಳಾದವನೇ—ನಾಲಿಗೆ ಮೇಲಕ್ಕೇ ಇದೆ, ಅಂಗುಳಿಗೆ ಒತ್ತಿಕೊಂಡು, ಕೆಳಗೆ ಇನ್ನೂ ಏನೋ ಇದೆ ಎನ್ನುವ ಹಾಗೆ, ಬೀಳಿಸಬಾರದು ಎನ್ನುವ ಹಾಗೆ, ಒತ್ತಿಯೇ ಹಿಡಿದಿದ್ದಾನೆ, ಸಿಸ್ಟರ್ ಕಾದಳು, ಆಮೇಲೆ ಪರದೆ ಬಿಟ್ಟುಹೋದಳು. ಬರ್ತೀನಮ್ಮ, ನೀನು ಬೇಜಾರು ಮಾಡ್ಕೋಬೇಡ. ಪರದೆಯ ಕೆಳಗೆ ಪಾದಗಳು ತಿರುಗಿದವು, ಬಾಗಿಲ ಕಡೆಗೆ, ಮೆಟ್ಟಿಲ ಅಂಚಿಗೆ ಬಂದು ನಿಂತವು, ಇಳಿಯಲು ಹೆದರಿಕೆ, ಮುರಿದ ಕಡೆಯ ಕಾಲು ಗಾಳಿಯಲ್ಲಿ ಕೆಳಗಿನ ಮೆಟ್ಟಿಲು ಹುಡುಕುತ್ತಿದೆ, ಒಬ್ಬರು ಕೈ ಹಿಡಿದರೆ ಸಾಕು, ಇನ್ನೊಂದು ಕಾಲು ಅಂಚಿನಲ್ಲೇ ಇದೆ, ಅಲ್ಲೇ ಇದೆ, ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿದೆ, ಮಡಚಿಕೊಂಡೇ ಇದೆ, ಹೆಬ್ಬೆರಳು—