ಕ್ವಾರ್ಟರ್ಸೋ, ಶ್ವೇತಳ ಮನೆಯೋ

ಕೊತ್ತಂಬರಿ ಸೊಪ್ಪಿನ ಕಟ್ಟು ಮೊಣಕೈಗೆ ತಗಲುತ್ತಲೇ ಇದೆ, ತಣ್ಣಗೆ, ಒದ್ದೆಯಾಗಿ, ಕೆ.ಆರ್.ಪೇಟೆ ಬಿಟ್ಟಾಗಿನಿಂದ, ಈ ಹೆಂಗಸು ನಿಂತೇ ಬರುತ್ತಿದ್ದಾಳೆ, ಬಸ್ಸು ಎಗರಿದಾಗೆಲ್ಲ ಅವಳ ಚೀಲ ನನ್ನ ಮೇಲೆ ಬೀಳುತ್ತದೆ, ಬೀಳಲಿ, ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ ಆದ ಮೇಲೆ ಈ ಮೈಸೂರು ಬಸ್ಸಿನಲ್ಲಿ ಸೀಟು ಸಿಕ್ಕಿದ್ದೇ ದೊಡ್ಡದು, ಕಿಟಕಿಯ ಪಕ್ಕ ಅವ್ವ, ಈಚೆಗೆ ನಾನು, ಅವ್ವನ ತೊಡೆಯ ಮೇಲೆ ಮಾವನ ಮನೆಯಲ್ಲಿ ತುಂಬಿಸಿಕೊಟ್ಟ ಬ್ಯಾಗು, ಅದನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಾಳೆ, ಮುಖದಲ್ಲಿ ಎಂಥ ಸಮಾಧಾನ, ನೋಡಿದರೆ ಮೈ ಉರಿಯುತ್ತದೆ. ಏನವ್ವ ಒಂದ್ ಮಾತೂ ಆಡ್ತಿಲ್ಲ, ಒಟ್ಟೆ ತುಂಬ ಉಂಡ್ಯಲ್ಲ? ಎನ್ನುತ್ತಾಳೆ. ತಲೆನೋವು ಎನ್ನುತ್ತೇನೆ. ಬಿಸ್ಲು ಕಣವ್ವ, ಕಣ್ ಮುಚ್ಕೊ. ಕಣ್ಣು ಮುಚ್ಚಿಕೊಂಡೇ ಅಲ್ಲವೇ ಇವತ್ತು ನಾನು ಕೈ ಚಾಚಿದ್ದು, ಮುಚ್ಚಿಕೊಂಡಿದ್ದು ಸಾಕು, ಮೂವತ್ತೊಂದು ವರ್ಷ ಸಾಕು.

ಫೋನು ಕೈಯಲ್ಲೇ ಇದೆ, ಬೆವರಿಗೆ ಜಾರುತ್ತಿದೆ, ನನಗೆ ಕೆಲಸ ಕೊಟ್ಟ ಮಸ್ಕತ್ತಿನ ಸ್ಕೂಲಿನ ಆಫೀಸಿನಿಂದ ಅರ್ಚನಾ ಮೇಡಂ ಮಧ್ಯಾಹ್ನದ ಮೇಲೆ ಮಾಡುತ್ತೇನೆ ಎಂದಿದ್ದಾರೆ, ಮೈಸೂರಿನವರೇ ಅವರು, ಎಷ್ಟು ಮೆತ್ತಗೆ ಮಾತಾಡುತ್ತಾರೆ, ಧನುಶ್ರೀ ಅವರೇ, ಎಲ್ಲ ಟೀಚರ್ಸೂ ಹೇಳಿ ಆಯ್ತು, ನಿಮ್ಮದೊಂದೇ ಬಾಕಿ, ಸ್ಕೂಲ್ ಕ್ವಾರ್ಟರ್ಸೋ, ಇಲ್ಲಾ ಹೊರಗಡೆ ನೀವೇ ಮನೆ ನೋಡ್ಕೋತೀರೋ, ಇವತ್ತು ಲಿಸ್ಟು ಮುಗಿಸಬೇಕು, ಒಂದು ಸಲ ಹೇಳಿದರೆ ಎರಡು ವರ್ಷ ಬದಲಾಯಿಸೋ ಹಾಗಿಲ್ಲ. ಎರಡು ವರ್ಷ. ಕ್ವಾರ್ಟರ್ಸು ಅಂದರೆ ಒಂದು ರೂಮು, ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದ ಅಡುಗೆಮನೆ, ಸ್ವರ್ಗವೇನಲ್ಲ, ಗೇಟು ಒಂಬತ್ತಕ್ಕೆ ಹಾಕುತ್ತಾರಂತೆ, ನೆಂಟರನ್ನು ಉಳಿಸಿಕೊಳ್ಳುವ ಹಾಗಿಲ್ಲವಂತೆ, ರಜದಲ್ಲೂ ಪ್ರಿನ್ಸಿಪಾಲರು ಕರೆದರೆ ಓಡಬೇಕಂತೆ, ಕೆಲಸ ಬಿಟ್ಟ ವಾರವೇ ಪೆಟ್ಟಿಗೆ ಕಟ್ಟಬೇಕಂತೆ, ಗಂಜಾಮಿನ ವನಮಾಲಾ ಮೇಡಂ ಅಲ್ಲಿ ಇದ್ದು ಬಂದವರು, ಇಲ್ಲಿ ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎಲ್ಲ ಹೇಳಿದರು, ನೀವು ಹೊರಗೇ ಒಂದು ರೂಮು ಮಾಡಿ, ಸ್ಕೂಲಿನವರು ಬಾಡಿಗೆಗೆ ಅಂತ ಕೊಡ್ತಾರೆ, ಸಾಲುತ್ತೆ ಅಂದರು. ಹೊರಗೆ ಒಂದು ರೂಮು ಎಂದು ಮನೆಯಲ್ಲಿ ಬಾಯಿ ಬಿಟ್ಟೆ, ಅಲ್ಲೇ ಕೆಟ್ಟೆ, ದಿಲೀಪಣ್ಣ ಊಟದ ತಟ್ಟೆಯಿಂದ ತಲೆ ಎತ್ತಿ ನಕ್ಕ. ಹೊರಗೆ ಅಂದ್ಮೇಲೆ ಶ್ವೇತ ಇಲ್ವೇನಮ್ಮಿ, ನಮ್ಮೋರ ಮನೆ ಅಲ್ಲೇ ಇರೋವಾಗ ಒಂಟಿ ರೂಮು ಮಾಡ್ಕೊಂಡು ಕೂತ್ಕೊಂಡ್ರೆ ನೋಡ್ದೋರು ಏನಂದಾರು. ನೋಡ್ದೋರು! ಮಸ್ಕತ್ತಿನಲ್ಲಿ ಯಾರಣ್ಣ ನೋಡುವವರು, ಒಂಟೆಗಳಾ?

ಶ್ವೇತ ಸೋದರಮಾವನ ಮಗಳು, ನನ್ನ ಓರಗೆಯವಳು, ಗಂಡನ ಜೊತೆ ಅಲ್ಲಿದ್ದಾಳೆ, ಎರಡು ಮಕ್ಕಳು, ಚಿಕ್ಕದಕ್ಕೆ ಇನ್ನೂ ಎರಡು ತುಂಬಿಲ್ಲ, ನನಗೆ ಕೆಲಸ ಆಯಿತು ಎಂದು ತಿಳಿದ ಸಂಜೆಯೇ ಫೋನು, ಬಾರೇ ಧನು, ನೀನು ಎರಡು ಗಂಟೆಗೆಲ್ಲ ಮನೆಗೆ ಬಂದ್ಬುಡ್ತೀಯ, ಮಕ್ಕಳು ನಿನ್ನ ಜೊತೆ ಇರ್ತವೆ, ನಾನೂ ಎಲ್ಲಾದ್ರೂ ಕೆಲಸಕ್ಕೆ ಸೇರ್ಕೋತೀನಿ. ನೋಡು, ಎಷ್ಟು ಸಲೀಸಾಗಿ ಬಂತು ಬಾಯಿಂದ, ಮುಚ್ಚುಮರೆಯೂ ಇಲ್ಲ, ಅವಳಿಗೆ ಅದರಲ್ಲಿ ತಪ್ಪೇ ಕಾಣುವುದಿಲ್ಲ, ಯಾಕೆ ಕಂಡೀತು, ಅಪ್ಪ ತೀರಿಕೊಂಡ ವರ್ಷ ಎಂಟನೇ ಕ್ಲಾಸಿಗೆ ಸಂತೆಬಾಚಹಳ್ಳಿಗೆ ಹೋದವಳು ನಾನು, ಐದು ವರ್ಷ ಅವರ ಮನೆಯಲ್ಲಿದ್ದೆ, ಅವಳು ಉಂಡ ತಟ್ಟೆ ತೊಳೆದವಳು, ಅವಳ ರೆಕಾರ್ಡ್ ಬುಕ್ಕಿಗೆ ಕಪ್ಪೆಯ ಚಿತ್ರ ಬರೆದುಕೊಟ್ಟವಳು, ಎಲ್ಲರೂ ಟಿ.ವಿ. ನೋಡಿ ಏಳುವ ತನಕ ಹಾಲಿನಲ್ಲಿ ಹಾಸಿಗೆ ಹಾಸುವಂತಿಲ್ಲ, ಗೋಡೆಗೆ ಒರಗಿ ತೂಕಡಿಸುತ್ತಿದ್ದೆ, ಬಂದವರಿಗೆಲ್ಲ ಅತ್ತೆ ಹೇಳುವುದು, ನಮ್ಮನೇಲೇ ಇಟ್ಕೊಂಡು ಓದುಸ್ತಾ ಇವ್ನಿ, ನಮ್ ಶ್ವೇತ ಇದ್ದಂಗೇ ಅಲ್ವ್ರಾ ಇವ್ಳೂ. ಇದ್ದಂಗೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹದಿನೈದು ದಿನ, ರಾಗಿ ಮೂಟೆಯ ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡು ಓದಲು ಕೂತೆ, ಅಷ್ಟೇ ನಾನು ಮಾಡಿದ್ದು, ಸಿದ್ದರಾಜು ಮಾವ ಬಾಗಿಲು ಬಡಿದರು, ನಮ್ಮನೇಲಿ ಅಗುಳಿ ಆಕ್ಕೊಳೋದಾ, ಯಾರವ್ವ ಕಳ್ರು ಇಲ್ಲಿ, ನಾನಾ, ನಿಮ್ಮತ್ತೆನಾ? ಮಾರನೇ ದಿನ ಬಡಗಿ ಕುಳ್ಳಯ್ಯನನ್ನು ಕರೆಸಿ ಅಗುಳಿಯನ್ನೇ ಬಿಚ್ಚಿಸಿದರು, ಬೈಯಲಿಲ್ಲ, ಹೊಡೆಯಲಿಲ್ಲ, ಬಿಚ್ಚಿಸಿದರು, ನಾಲ್ಕು ತೂತು ಉಳಿದವು ಬಾಗಿಲಲ್ಲಿ. ಆಮೇಲೆ ನಾಗಮಂಗಲದಲ್ಲಿ ಬಿ.ಎಡ್. ಮಾಡುವಾಗ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತ್ತು, ಕೈಗೆ ಬಂದಿತ್ತು, ಚಿಕ್ಕವ್ವನ ಮನೆ ಇಲ್ವಾ ಎಂದು ಅದನ್ನೂ ಬಿಡಿಸಿದರು, ಅಲ್ಲೂ ಹಾಲಿನಲ್ಲೇ ಹಾಸಿಗೆ, ಅಲ್ಲೂ ಟಿ.ವಿ. ಅವರು ಅನ್ನ ಹಾಕಿಲ್ಲವೇ? ಹಾಕಿದ್ದಾರೆ, ಇಲ್ಲ ಅನ್ನುವುದಿಲ್ಲ, ಆದರೆ ಹಾಕಿದ್ದೇನೆ ಎನ್ನುವುದನ್ನು ಇನ್ನೂ ನಿಲ್ಲಿಸಿಲ್ಲವಲ್ಲ, ನಾನು ಮುದುಕಿಯಾದರೂ ನಿಲ್ಲಿಸುವುದಿಲ್ಲ.

ಇವತ್ತಿನದಂತೂ — ಥೂ, ನನ್ನ ಬುದ್ಧಿಗಿಷ್ಟು — ಹೊರಡುವ ಮುಂಚೆ ಮಾವನಿಗೆ ಹೇಳಿ ಬರೋಣ ನಡಿ, ಕಾಲಿಗೆ ಬೀಳೋದ್ ಬ್ಯಾಡ್ವಾ ಎಂದಳು ಅವ್ವ, ಬಂದೆ, ಕೋಳಿ ಸಾರು, ಮುದ್ದೆ, ಪಾಯಸ ಬೇರೆ, ನನ್ನ ತಟ್ಟೆ ನಾನು ತೊಳೆಯಲು ಹೋದರೆ ಅತ್ತೆ ಕಿತ್ತುಕೊಂಡಳು, ಆಗಲೇ ಅನುಮಾನ ಬರಬೇಕಿತ್ತು. ಊಟ ಆದ ಮೇಲೆ ಪಕ್ಕದ ಮನೆಯ ಕರಿಯಯ್ಯನನ್ನು ಕರೆದು ಜಗುಲಿಯ ಮೇಲೆ ಕೂರಿಸಿದರು, ಹಿರಿಯರು, ಏನೋ ಆಶೀರ್ವಾದಕ್ಕೆ ಅಂದುಕೊಂಡೆ, ಮಾವ ಒಳಗಿನಿಂದ ತಟ್ಟೆ ತಂದರು, ಎಲೆ, ಅಡಿಕೆ, ತೆಂಗಿನಕಾಯಿ, ರವಿಕೆ ಕಣ, ಇಸ್ಕೊಳವ್ವ ಅಂದರು, ಸೆರಗೊಡ್ಡಿ ಇಸಿದುಕೊಂಡು ಕಾಲಿಗೂ ಬಿದ್ದೆ. ಹೆಂಗಸರಿಗೆ ಎಲೆ ಅಡಿಕೆ ಕೊಡುವುದು ಹೆಂಗಸರು, ಅಡುಗೆಮನೆ ಬಾಗಿಲಲ್ಲಿ, ಕುಂಕುಮದ ಜೊತೆ. ಗಂಡಸು, ಅದೂ ಹೊರಗಿನ ಒಬ್ಬ ಹಿರಿಯನನ್ನು ಕೂರಿಸಿಕೊಂಡು ಕೊಟ್ಟರೆ ಅದು ಮಾತು, ಇಸಿದುಕೊಂಡವರು ಒಪ್ಪಿದ ಹಾಗೆ, ಹೆಣ್ಣು ಗೊತ್ತು ಮಾಡುವುದೂ ಹಾಗೇ, ಹಸು ಕೊಡುವುದೂ ಹಾಗೇ, ಹುಟ್ಟಿದಾಗಿನಿಂದ ನೋಡಿದ್ದೇನೆ, ನೋಡಿಯೂ ಹೊಳೆಯಲಿಲ್ಲ, ಯಾಕೆಂದರೆ ಮನೆಯಿಂದ ಹೊರಡುವ ಹುಡುಗಿಗೆ ಎಲ್ಲರೂ ಒಳ್ಳೆಯವರಾಗಿ ಕಾಣುತ್ತಾರೆ. ಕರಿಯಯ್ಯ ಎಲೆಯ ತೊಟ್ಟು ಮುರಿಯುತ್ತ ಅಂದ, ಸರಿ ಬುಡಪ್ಪ ಸಿದ್ದರಾಜು, ಮಗೀಗೆ ಸೋದರತ್ತೆ ಸಿಕ್ಕಂಗಾಯ್ತು, ಶ್ವೇತಂಗೆ ಫೋನ್ ಮಾಡೇಳು. ನಾನು ಅವ್ವನ ಕಡೆ ನೋಡಿದೆ. ಅವ್ವ ನೆಲ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು, ದಿಲೀಪಣ್ಣನಿಗೂ ಗೊತ್ತಿತ್ತು, ಅದಕ್ಕೇ ಅವನು ಬರಲಿಲ್ಲ, ಗದ್ದೆಗೆ ನೀರು ಬಿಟ್ಟವ್ರೆ ಅಂತ ತಪ್ಪಿಸಿಕೊಂಡ, ನಾಡಿದ್ದು ಬಿಡುವ ನೀರು ಇವನೊಬ್ಬನಿಗೆ ಇವತ್ತೇ ಬಂತಂತೆ. ಇಪ್ಪತ್ತು ಜನ ಅರ್ಜಿ ಹಾಕಿದ ಕೆಲಸ, ಮೂರು ಸಲ ಮಾತಾಡಿಸಿ, ಎದುರಿಗೆ ಪಾಠ ಮಾಡಿಸಿ ಆರಿಸಿಕೊಂಡರು ನನ್ನನ್ನು, ಅಲ್ಲಿಗೆ ನಾನು ಟೀಚರು, ಇಲ್ಲಿಗೆ ಎತ್ತಿಕೊಟ್ಟ ಹಸು.

ಚಿನಕುರಳಿ. ಅರ್ಧ ಬಸ್ಸು ಇಳಿಯುತ್ತಿದೆ, ಮುಂದಿನ ಸೀಟುಗಳೆಲ್ಲ ಖಾಲಿ, ಗಾಳಿ ಬಂತು, ಫೋನೂ ಬಂತು, ಅರ್ಚನಾ ಮೇಡಂ, ಅವ್ವ ಕೇಳುತ್ತಾಳೆ ಯಾರವ್ವ, ಸ್ಕೂಲೋರಾ, ಏಳ್ಬುಡು ಮತ್ತೆ ಶ್ವೇತನ ಮನೆ ಅಂತ. ಕೇಳಲಿ, ಚೆನ್ನಾಗಿ ಕೇಳಲಿ ಎಂದು ಸ್ಪೀಕರ್ ಹಾಕುತ್ತೇನೆ. ಧನುಶ್ರೀ ಅವರೇ, ಏನು ಹಾಕ್ಲಿ? ಕ್ವಾರ್ಟರ್ಸು ಮೇಡಂ. ಬಸ್ಸಿನ ಸದ್ದಿಗೆ ಅವರಿಗೆ ಕೇಳಿಸಲಿಲ್ಲ, ಹಲೋ, ಹಲೋ, ಸಂಬಂಧಿಕರು ಇದ್ದಾರೆ ಅಂದಿದ್ರಲ್ಲ, ಮನೇಲಿ ಇನ್ನೊಂದು ಸಲ ಕೇಳಿ ಹೇಳ್ತೀರಾ, ಅರ್ಧ ಗಂಟೆ ಬಿಟ್ಟು ಮಾಡ್ಲಾ? ಆಗ ಬಂತು ನೋಡು ನನಗೆ, ಎಲ್ಲಿತ್ತೋ ಅಷ್ಟು ಗಂಟಲು, ಬೇಡ ಮೇಡಂ, ಯಾರನ್ನೂ ಕೇಳುವುದು ಬೇಡ, ಇರುವವಳು ನಾನು, ನನ್ನನ್ನು ಕೇಳಿದಿರಲ್ಲ, ಹೇಳುತ್ತಿದ್ದೇನೆ, ಕ್ವಾರ್ಟರ್ಸು, ಎರಡು ವರ್ಷಕ್ಕೂ ಕ್ವಾರ್ಟರ್ಸು, ಬರಕೊಳ್ಳಿ! ಕಂಡಕ್ಟರ್ ತಿರುಗಿ ನೋಡಿದ. ಬರಕೊಂಡೆ ಎಂದರು ಅರ್ಚನಾ ಮೇಡಂ, ನಿಧಾನವಾಗಿ, ಮುಗಿಯಿತು, ಇಷ್ಟೇ, ಇಷ್ಟಕ್ಕೆ ಇಷ್ಟು ವರ್ಷ.

ಅವ್ವ ಕಿಟಕಿಯಾಚೆ ನೋಡಿದಳು, ಆಮೇಲೆ ಅಂದಳು, ನನ್ ತವ್ರು ಮನೆ ಬಾಗ್ಲ ಮುಚ್ಬುಟ್ಯಲ್ಲವ್ವ. ಬೈದಿದ್ದರೆ ನಾನೂ ಬೈಯಬಹುದಿತ್ತು, ಬಾಯಿ ತುಂಬ ಇದ್ದವು ಮಾತು, ನೀನೇ ತಾನೇ ನನ್ನನ್ನು ಮಾರಿದ್ದು ಅನ್ನುವಷ್ಟು ಇದ್ದವು, ಆದರೆ ಅವಳು ಎದ್ದಳು, ಬ್ಯಾಗು ಎತ್ತಿಕೊಂಡಳು, ನನ್ನ ಮಂಡಿ ಸರಿಸಿ ಈಚೆಗೆ ಬಂದು ಎರಡು ಸೀಟು ಮುಂದೆ ಹೋಗಿ ಕೂತಳು, ಒಬ್ಬಳೇ, ಹೋಗಲಿ, ನಾನು ಕರೆಯುವುದಿಲ್ಲ, ನನ್ನದು ತಪ್ಪಿಲ್ಲ, ತಪ್ಪಿಲ್ಲ, ಆ ಮನೆಗೆ ಹೋಗಿ ಇನ್ನೆರಡು ವರ್ಷ ಗೋಡೆಗೆ ಒರಗಿ ತೂಕಡಿಸುವವಳಲ್ಲ ನಾನು, ಅವಳ ತವರು ಉಳಿಯುವುದು ನನ್ನಿಂದಲೇ ಆದರೆ ಅದೆಂಥ ತವರು, ತಿರುಗಿಯಾದರೂ ನೋಡಬಾರದೇ, ಒಂದು ಸಲ, ಸಿಟ್ಟಿನಲ್ಲಾದರೂ, ಸೀರೆಯ ಮೇಲೆ ಕಾಣುವ ರವಿಕೆಯ ಬೆನ್ನು, ನಡುವೆ ಬೆವರು, ಇದೇ ಬೆನ್ನು, ಎಂಟನೇ ಕ್ಲಾಸಿಗೆ ನನ್ನನ್ನು ಮಾವನ ಜಗುಲಿಯ ಮೇಲೆ ಬಿಟ್ಟು ಬಸ್ಸಿಗೆ ನಡೆದುಹೋದದ್ದು ಇದೇ ಬೆನ್ನು, ತಿರುಗುತ್ತಾಳೆ ಈಗ, ಆ ಹುಣಸೆಮರದ ಹತ್ತಿರ ತಿರುಗುತ್ತಾಳೆ ಎಂದು ಕಾದೆ, ತಿರುಗಲಿಲ್ಲ, ಅತ್ತಿದ್ದಳಂತೆ, ಅದಕ್ಕೇ ತಿರುಗಲಿಲ್ಲವಂತೆ, ಯಾವಾಗಲೋ ಹೇಳಿದಳು, ಈಗ ಅಳುತ್ತಿದ್ದಾಳೋ, ಬಸ್ಸಿನ ಕುಲುಕಿಗೆ ಅಲುಗುತ್ತಿದೆಯೋ, ಪಾಂಡವಪುರ ಬಂದೇಬಿಟ್ಟಿತು, ಇಬ್ಬರೂ ಇಳಿಯಬೇಕು, ಅವ್ವ ಎಂದು ಕೂಗಬೇಕು, ಕೂಗಬೇಕು, ಬೆನ್ನು, ಅವ್ವನ ಬೆನ್ನು.