ಏಳನೇ ಚಾನೆಲಿನ ಉಸಿರು

ವಡೋದರಾದ ಫತೇಗಂಜಿನಲ್ಲಿ ಸುಧನ್ವ ಐತಾಳರ ಮಿಕ್ಸರ್ ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸೂರತ್ತಿನ ಸಚಿನ್ ಪೇಟೆಯಲ್ಲಿ ಸಾವಿರ ಮಗ್ಗಗಳು ತಾಳ ತಪ್ಪಿ ನಿಲ್ಲುತ್ತಿದ್ದವು. ಅದನ್ನು ವಿಲಾಯತಿನಿಂದ ತರುವಾಗ ಹಡಗು ಒಂದು ಮಗ್ಗುಲಿಗೆ ವಾಲಿ, ಕಪ್ತಾನ ಇನ್ನೊಂದು ಮಗ್ಗುಲಲ್ಲಿ ಎಂಟು ಆನೆ ನಿಲ್ಲಿಸಬೇಕಾಯಿತು. ಕಡೆಗೆ ಅದು ನಿವೃತ್ತಿಯಾದಾಗ ಅಹಮದಾಬಾದಿನಿಂದ ಉಪಗ್ರಹದ ವಿಜ್ಞಾನಿಗಳೇ ಬಂದರು. ಇಂಥ ನಾದ ಭೂಮಿಯ ಮೇಲೆ ಹೇಗೆ ಹುಟ್ಟಿತೆಂದು ಪರೀಕ್ಷಿಸಲು ಹೊತ್ತುಕೊಂಡು ಹೋದರು. ಒಂದಕ್ಷರ ಹೆಚ್ಚಿಲ್ಲ, ಬೇಕಾದರೆ ಆನೆಗಳನ್ನು ಕೇಳಿ ಎನ್ನುತ್ತಿದ್ದರು ಐತಾಳರು.

ಮಿಕ್ಸರ್ ಎಂದರೆ ಹಾಡು ಮುದ್ರಿಸುವ ಸ್ಟುಡಿಯೋದ ಯಂತ್ರ. ಬಾಗಿಲನ್ನು ಅಡ್ಡ ಮಲಗಿಸಿದಷ್ಟು ಅಗಲ, ಇಪ್ಪತ್ನಾಲ್ಕು ಸಾಲು ತಿರುಗುಣಿಗಳು, ಸಾಲಿಗೊಂದು ಚಾನೆಲ್, ದನಿ ಬಂದರೆ ಅಲ್ಲಾಡುವ ಒಂದು ಮುಳ್ಳು. ಹಾಡುವವರ ದನಿ ಏಳನೇ ಸಾಲಿನಲ್ಲಿ, ಢೋಲ್ ಇನ್ನೊಂದರಲ್ಲಿ ಬಂದು ಕಡೆಗೆ ಒಂದಾಗುತ್ತಿದ್ದವು. ಅಣ್ಣ ಪದ್ಮನಾಭ ಐತಾಳರ ಉಡುಪಿ ಹೋಟೆಲಿನ ಮಾಳಿಗೆಯಲ್ಲಿ ಅದರ ಆಸ್ಥಾನ. ಕೆಳಗಿನಿಂದ ಅಣ್ಣ ಮಾತಿನ ಚಟಾಕಿ ಹಾರಿಸುವುದು ನಿತ್ಯದ ಕಥೆ.

“ಇಷ್ಟು ದೊಡ್ಡ ಮಿಕ್ಸರ್ ಉಂಟು, ಒಂದು ಸೌಟು ಚಟ್ನಿ ಆಗುದಿಲ್ವಲ್ಲ ಮಾರಾಯ.”

“ನನ್ನ ಮಿಕ್ಸರಿಗೆ ಕಾಯಿ ಹಾಕಿದರೆ ಅಮೃತ ಬರ್ತದೆ. ನಿಮ್ಮ ಗಿರಾಕಿಗಳಿಗೆ ಅದು ದಕ್ಕುದಿಲ್ಲ.”

ಈಗ ಆ ಮಾಳಿಗೆಯಲ್ಲಿ ಅಕ್ಕಿ ಮೂಟೆಗಳಿವೆ. ಮಿಕ್ಸರ್ ಹೋಗಿ ಇಪ್ಪತ್ತು ವರ್ಷ ದಾಟಿತು. ಆದರೆ ಐತಾಳರ ಮಗಳು ಮನಸ್ವಿನಿ ಅದನ್ನು ಮತ್ತೆ ಹುಟ್ಟಿಸಲು ಹೊರಟಿದ್ದಳು. ಅಲ್ಕಾಪುರಿಯ ಒಂದು ಸಣ್ಣ ಆಫೀಸಿನಲ್ಲಿ ಕೂತು ಎರಡು ವರ್ಷದಿಂದ ಅವಳು ಕಟ್ಟುತ್ತಿದ್ದುದು ಒಂದು ಸಾಫ್ಟ್‌ವೇರ್. ಕಂಪ್ಯೂಟರಿನಲ್ಲಿ ಮುದ್ರಿಸಿದ ಹಾಡು ತೊಳೆದಿಟ್ಟ ಗಾಜಿನಂತೆ ಇರುತ್ತದೆ, ಚೊಕ್ಕಟ, ತಣ್ಣಗೆ. ಹಳೆಯ ಯಂತ್ರಗಳು ಹಾಗಲ್ಲ. ದನಿ ಹಾದುಹೋಗುವಾಗ ತಮ್ಮದಿಷ್ಟನ್ನು ಅದಕ್ಕೆ ಸವರಿ ಕಳಿಸುತ್ತಿದ್ದವು, ಹಳೆಯ ಕಬ್ಬಿಣದ ಕಾವಲಿ ದೋಸೆಗೆ ತನ್ನ ರುಚಿ ಕೊಡುವ ಹಾಗೆ. ಆ ಸವರಿಕೆಯನ್ನು ಲೆಕ್ಕಕ್ಕಿಳಿಸಿ ಕಂಪ್ಯೂಟರಿಗೆ ಕಲಿಸುವುದು ಅವಳ ಕೆಲಸ.

ಕಲಿಸಲು ಅವಳ ಬಳಿ ಅಪ್ಪ ಮುದ್ರಿಸಿದ ನಲವತ್ತು ನವರಾತ್ರಿ ಗರಬಾ ಕ್ಯಾಸೆಟ್‌ಗಳಿದ್ದವು. ಅವೆಲ್ಲಕ್ಕಿಂತ ಮೇಲೆ, ಅಮ್ಮ ಮಂದಾಕಿನಿಯ ನಾಲ್ಕು ನಿಮಿಷದ ಜೋಗುಳವಿತ್ತು. ಅಮ್ಮ ತಾನೇ ಕಟ್ಟಿ, ವಿಜಯದಶಮಿಯ ದಿನ ಶ್ರುತಿಪೆಟ್ಟಿಗೆ ಹಿಡಿದು ಹಾಡಿದ್ದು. ಮನಸ್ವಿನಿಗೆ ಒಂಬತ್ತು ತುಂಬುವ ಹೊತ್ತಿಗೆ ಅಮ್ಮ ಇರಲಿಲ್ಲ. ಉಳಿದ ದನಿ ಇದೊಂದೇ. ಹಾಡಿನ ಸಾಲುಗಳ ನಡುವೆ ಸರ್ ಸರ್ ಎಂದು ಏನೋ ಕೇಳುತ್ತಿತ್ತು. “ಅದು ಏಳನೇ ಚಾನೆಲಿನ ಉಸಿರು” ಎಂದಿದ್ದರು ಐತಾಳರು. “ನಿನ್ನಮ್ಮ ಉಸಿರೆಳೆದಾಗ ಅದೂ ಎಳೆಯುತ್ತಿತ್ತು.” ಮಗಳು ಮೂರು ತಿಂಗಳು ಹಠ ಹಿಡಿದು ಕೂತು, ಅದಕ್ಕೆಂದೇ ಒಂದು ತಿರುಗುಣಿ ಮಾಡಿ ‘ಉಸಿರು’ ಎಂದು ಹೆಸರಿಟ್ಟಳು. ಇಡೀ ಸಾಫ್ಟ್‌ವೇರಿಗೆ ಮಂದಾಕಿನಿ ಎಂದೇ ಹೆಸರು. ಅಮ್ಮ ಹಾಡಿದ ಯಂತ್ರ ಇದು ಎಂದು ಬರೆದು ಸೋಮವಾರ ಲೋಕಕ್ಕೆ ಬಿಡುವುದಿತ್ತು.

ಶನಿವಾರ ಮಧ್ಯಾಹ್ನ ಅವಳು ಅಪ್ಪನನ್ನು ಆಫೀಸಿಗೆ ಕರೆಸಿದಳು. ಬರುವ ದಾರಿಯಲ್ಲಿ ಐತಾಳರು ರಿಕ್ಷಾದವನಿಗೆ, ಸೋಮವಾರದಿಂದ ಭೂಮಂಡಲದ ಎಲ್ಲ ಹಾಡುಗಳೂ ತನ್ನ ಮಾಳಿಗೆಯ ಮೂಲಕವೇ ಹೋಗಬೇಕೆಂದು ತಿಳಿಸಿ ಬಂದಿದ್ದರು. ಮಗಳು ಅವರ ಕಿವಿಗೆ ಹೆಡ್‌ಫೋನ್ ಹಾಕಿದಳು. ಜೋಗುಳ ಶುರುವಾಯಿತು. ಎಷ್ಟು ಸಲ ಕೇಳಿದರೂ ಮೊದಲ ಸಾಲಿಗೆ ಅವರ ಬೆರಳುಗಳು ಮಡಚಿಕೊಳ್ಳುತ್ತಿದ್ದವು. ಮುಗಿದ ಮೇಲೆ ಹೆಡ್‌ಫೋನ್ ತೆಗೆದು ನಿಧಾನಕ್ಕೆ ಕೆಳಗಿಟ್ಟರು.

“ಪಪ್ಪಾ, ನಿಮ್ಮ ಗರಬಾ ಕ್ಯಾಸೆಟ್ ಎಲ್ಲದರಲ್ಲೂ ಹಮ್ ಉಂಟು. ಗೋಡೆ ಕರೆಂಟಿನದ್ದು, ಗುಂಯ್ ಅಂತ. ಅಮ್ಮನ ಟೇಪಲ್ಲಿ ಬಿಲ್ಕುಲ್ ಇಲ್ಲ.”

“ನಿನ್ನಮ್ಮ ಹಾಡುವಾಗ ಕರೆಂಟೂ ಬಾಯಿ ಮುಚ್ಚಿ ಕೇಳ್ತಿತ್ತು ಮಗಾ.”

“ಓಕೆ. ಲಾಸ್ಟಲ್ಲಿ ಶ್ರುತಿ ಮೇಲೆ ಹೋಗ್ತದೆ. ಯಾಕೆ?”

“ಜೋಗುಳ ಅಲ್ವಾ? ಪ್ರೀತಿ ಉಕ್ಕಿತು, ಶ್ರುತಿ ಏರಿತು.”

“ಶ್ರುತಿಪೆಟ್ಟಿಗೆಗೂ ಪ್ರೀತಿ ಉಕ್ಕಿತಾ? ಅದೂ ಜೊತೆಗೇ ಏರಿದೆ.”

ಐತಾಳರು ಹೆಡ್‌ಫೋನಿನ ವಯರನ್ನು ಬೆರಳಿಗೆ ಸುತ್ತತೊಡಗಿದರು.

“ರೆಕಾರ್ಡ್ ಮಾಡುವಾಗ ಮೋಟರ್ ಸ್ಲೋ ಆಗ್ತಾ ಬಂದ್ರೆ, ಕೇಳುವಾಗ ಹೀಗೆ ಏರ್ತದೆ. ಸೆಲ್ ಖತಂ ಆಗುವಾಗ.” ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವರಿಗೆ ಕಷ್ಟವಾಯಿತು. “ಗರಬಾ ಕ್ಯಾಸೆಟಿಗೂ ಇದಕ್ಕೂ ಎರಡು ವರ್ಷ ಮ್ಯಾಚ್ ಆಗಲಿಲ್ಲ. ನನಗೇ ಬರುದಿಲ್ಲ ಅಂದ್ಕೊಂಡೆ. ಇದು ಮಿಕ್ಸರೇ ಅಲ್ಲ ಪಪ್ಪಾ. ಸೆಲ್ಲಿನ ಟೇಪ್‌ರೆಕಾರ್ಡರ್. ಸಾಚು ಬೋಲೋ, ನಿಜ ಹೇಳಿ. ಸೋಮವಾರ ನಾನು ಅಮ್ಮನ ಹೆಸರಲ್ಲಿ ಸುಳ್ಳು ಬರೀಬೇಕಾ?”

ಪರದೆಯ ಮೇಲೆ ಅವರ ಮಿಕ್ಸರಿನ ಚಿತ್ರವಿತ್ತು. ಹೂಮಾಲೆ ಹಾಕಿದ ಒಂದು ಹಳೆಯ ಫೋಟೋ ನೋಡಿ ಮಗಳು ಒಂದೊಂದು ತಿರುಗುಣಿಯನ್ನೂ ಬರೆಸಿದ್ದಳು. ಏಳನೇ ಸಾಲಿನ ಅಂಚಿನಲ್ಲಿದ್ದ ತಗ್ಗನ್ನೂ ಬಿಟ್ಟಿರಲಿಲ್ಲ. ಸಿಡಿಲು ಹೊಡೆದರೂ ಬಗ್ಗದ ಮೈ ಎಂದು ಫೋಟೋದಲ್ಲಿ ಆ ತಗ್ಗು ತೋರಿಸಿ ಅವರು ಮೆರೆದದ್ದೆಷ್ಟೋ. ಈಗ ಅದರ ಮೇಲೆ ಬೆರಳಿಟ್ಟರು.

“ಇದು ಸಿಡಿಲಲ್ಲ. ತೆಂಗಿನಕಾಯಿ.”

ಮಗಳು ಕುರ್ಚಿ ಹತ್ತಿರಕ್ಕೆಳೆದುಕೊಂಡಳು.

“ಆಯುಧಪೂಜೆ. ಬೀದಿಯವರೆಲ್ಲ ಪ್ರಸಾದಕ್ಕೆ ಬಂದಿದ್ದರು. ಕಾಯಿ ಹೊರಗೆ ಒಡೆಯೋ ಅಂದ ಅಣ್ಣ. ನಾನು ಕೇಳ್ಬೇಕಲ್ಲ. ಉಕ್ಕಿನ ಮೈ, ನೋಡಿ ಅಂತ ಅದರ ಮೇಲೇ ಒಂದೇಟಿಗೆ ಒಡೆದೆ. ನೀರೆಲ್ಲ ಒಳಗೆ ಹೋಯ್ತು. ಎಲ್ಲರೂ ಕೈ ಮುಗಿದು ನಿಂತಿದ್ದರು, ಫೋಟೋ ತೆಗೆದರು. ಅವರು ಹೋದ ಮೇಲೆ ಸ್ವಿಚ್ ಹಾಕಿದೆ. ಚಟಾರ್ ಅಂತು, ಸುಟ್ಟ ವಾಸನೆ ಬಂತು, ಮುಗೀತು. ಅಣ್ಣ ಅದಕ್ಕೂ ಚಟ್ನಿ ಆಯ್ತಾ ಅಂತ ಕೇಳಿದ. ಯಂತ್ರ ಸತ್ತದ್ದು ಅವನಿಗೆ ಗೊತ್ತಿರಲಿಲ್ಲ.”

“ವಿಜ್ಞಾನಿಗಳು?”

“ಗುಜರಿಯವ.”

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತಲೇ ಇತ್ತು. ಐತಾಳರು ಆ ಸದ್ದಿನ ನಡುವೆಯೇ ಮುಂದುವರಿಸಿದರು.

“ಮರುದಿನ ನಿನ್ನಮ್ಮನ ದಿನ. ನವರಾತ್ರಿ ಮುಗಿಯಲಿ, ದಶಮಿಗೆ ನಿನ್ನದೇ ಹಾಡು ಅಂತ ಮಾತು ಕೊಟ್ಟಿದ್ದೆ. ಹೊಸ ಸೀರೆ ಉಟ್ಟು ಮೇಲೆ ಬಂದಳು. ಹಾಳಾಯ್ತು ಅಂತ ಹೇಳ್ಲಿಕ್ಕೆ ನಾಲಗೆ ಬರಲಿಲ್ಲ. ಹೋಟೆಲಿನ ಟೇಪ್‌ರೆಕಾರ್ಡರನ್ನು ಪೂಜೆಯ ಬಾಳೆಕಂದಿನ ಹಿಂದೆ ಅಡಗಿಸಿಟ್ಟೆ. ವಯರ್ ಕಾಣಬಾರದಂತ ಸೆಲ್ ಹಾಕಿದೆ. ಹಳೇ ಸೆಲ್. ಸತ್ತ ಮಿಕ್ಸರಿನ ಎದುರು ಕೂತು ನಾಲ್ಕು ನಿಮಿಷ ಸುಮ್ಮನೆ ತಿರುಗುಣಿ ತಿರುಗಿಸಿದೆ.”

“ಉಸಿರು?” ಮನಸ್ವಿನಿ ಮೆಲ್ಲನೆ ಕೇಳಿದಳು.

“ಬಾಳೆಎಲೆ. ಫ್ಯಾನಿನ ಗಾಳಿಗೆ.”

ಅವಳು ಪರದೆಯ ಕಡೆ ತಿರುಗಿದಳು. ಮೂರು ತಿಂಗಳ ಕೆಲಸದ ಆ ತಿರುಗುಣಿಯನ್ನು ಅಳಿಸುತ್ತಾಳೆ ಎಂದುಕೊಂಡರು ಐತಾಳರು. ಅವಳು ಅದರ ಮೇಲಿನ ‘ಉಸಿರು’ ಎಂಬ ಹೆಸರನ್ನಷ್ಟೇ ಅಳಿಸಿದಳು. ಆಮೇಲೆ, ಅವರತ್ತ ನೋಡದೆಯೇ, “ಅಮ್ಮನಿಗೆ ಗೊತ್ತಿತ್ತಾ?” ಎಂದಳು.

ಇದಕ್ಕೊಂದು ಚೆಂದದ ಉತ್ತರ ಅವರಲ್ಲಿ ಸಿದ್ಧವಿತ್ತು. ಗೊತ್ತಿತ್ತು, ಗೊತ್ತಿದ್ದೂ ನಕ್ಕಳು ಎನ್ನುವಂಥದ್ದು. ಹೇಳಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು.

“ಇಲ್ಲ. ಹಾಡಿ ಮುಗಿಸಿ, ಏಳನೆಯದರ ಮುಳ್ಳು ಅಲ್ಲಾಡಿತಾ ಅಂತ ಕೇಳಿದಳು. ಅಲ್ಲಾಡಿತು ಅಂದೆ.” ಅವರ ಬೆರಳು ಇನ್ನೂ ಆ ತಗ್ಗಿನ ಮೇಲೇ ಇತ್ತು. “ಕಾಯಿಯದ್ದು ಬಿಡು ಮಗಾ, ಅದೊಂದು ದಿನದ್ದು. ಅದಕ್ಕೆ ಮೊದಲು ಹನ್ನೊಂದು ವರ್ಷ ಮಿಕ್ಸರ್ ಸರಿಯಾಗಿಯೇ ಇತ್ತು. ಅವಳು ಕೆಳಗೆ ಹಾಡ್ತಾ ದೋಸೆಗೆ ರುಬ್ಬುತ್ತಿದ್ದಳು. ಗರಬಾದವರನ್ನೆಲ್ಲ ಕರೆದು ಕೂರಿಸಿದೆ. ಅವಳನ್ನು ಒಂದು ದಿನವೂ ಮೇಲೆ ಕರೆಯಲಿಲ್ಲ.”